ಐದನೇ ಪ್ಲಾಟ್‌ಫಾರಂ

ಮಾರ್ಚ್ ೨೯

ನನ್ನ ತುತ್ತೂರಿಗೆ,

ಇವತ್ತು ಬೆಳಿಗ್ಗೆ ನೀನು ನನ್ನನ್ನು ಗದರಿಸಿಬಿಟ್ಟೆ. ಹಲ್ಲುಜ್ಜುತ್ತಾ ಹೊಸ್ತಿಲಲ್ಲಿ ನಿಂತಿದ್ದೆ. ಗಲ್ಲಿಯ ತುದಿಯಿಂದ ನೀಲಿ ವ್ಯಾನು ಬಂತು, ಅದರ ನೆತ್ತಿಯ ಮೇಲೊಂದು ಮೈಕು, ಮೈಕಿನಿಂದ ನಿನ್ನ ದನಿ: "ಯಾರೂ ಮನೆಯಿಂದ ಹೊರಗೆ ಬರಬಾರದು. ಬಂದವರನ್ನು ಹಿಡಿದು ಒಯ್ಯಲಾಗುವುದು." ಬಾಯಿ ತುಂಬಾ ನೊರೆ ಇಟ್ಟುಕೊಂಡು ಒಳಗೆ ಓಡಿದೆ ಕಣೇ. ನಿನ್ನಮ್ಮ ತೀರಿಕೊಂಡ ಮೇಲೆ "ಕತ್ತಲಾಯಿತು, ಒಳಗೆ ಬಾರೇ" ಎಂದು ನಿನ್ನನ್ನು ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಗಿತ್ತು. ಎಲ್ಲವನ್ನೂ ಬಡ್ಡಿ ಸಮೇತ ತೀರಿಸಿಕೊಂಡೆ ಬಿಡು.

ರೋಗ ಬಂದು ರೈಲು ನಿಂತ ವಾರವೇ "ಸ್ಪಷ್ಟ ದನಿಯವರು ಬೇಕು" ಎಂದು ಸ್ಟೇಷನ್ನಿನ ಮೈಕಿನಿಂದ ನಿನ್ನನ್ನು ಎಬ್ಬಿಸಿ ರಾಜಧಾನಿಗೆ ಕರೆಸಿಕೊಂಡರಲ್ಲ, ಆಗ ರೇಡಿಯೋದಲ್ಲಿ ವಾರ್ತೆ ಓದಿಸುತ್ತಾರೆ ಎಂದುಕೊಂಡಿದ್ದೆ. ಪೊಲೀಸರ ವ್ಯಾನಿನಲ್ಲಿ ಕೂರಿಸುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಕೂತಿರುವುದು ದನಿ ಮಾತ್ರ, ನೀನಲ್ಲ ಎಂದು ಎದುರಿನ ಕಟಿಂಗ್ ಅಂಗಡಿಯವನು ಬಿಡಿಸಿ ಹೇಳಿದ. ಅವನೀಗ ಅಂಗಡಿ ಮುಚ್ಚಿ ಕಿಟಕಿಯಲ್ಲೇ ವಾಸ. ಹೊತ್ತು ಹೋಗದೆ ತನ್ನ ತಲೆಗೇ ಕತ್ತರಿ ಹಾಕಿಕೊಂಡು ಇಲಿ ಕಡಿದ ಹಾಗೆ ಮಾಡಿಕೊಂಡಿದ್ದಾನೆ. ಅಲ್ಲಿಂದಲೇ ಕೂಗಿದ:

"ಅಜ್ಜೀ, ನಿಮ್ಮ ಹುಡುಗಿ ಪ್ಲಾಟ್‌ಫಾರಂ ನಂಬರೇ ಹೇಳಲಿಲ್ವಲ್ಲ! ನಂಬೋದೋ ಬಿಡೋದೋ?"

"ನಿನ್ನ ತಲೆ ನೋಡಿದ್ರೆ ನೀನು ಹೊರಗೆ ಬರದೇ ಇರೋದೇ ಊರಿಗೆ ಕ್ಷೇಮ," ಎಂದೆ.

ಗಲ್ಲಿಯ ಅಷ್ಟೂ ಕಿಟಕಿಗಳು ನಕ್ಕವು. ತಾತ ಕಲಿಸಿದ್ದು ನೆನಪಿದೆಯೋ, ರಾಜಧಾನಿಯ ನೀರು ಕುಡಿದು ಮರೆತೆಯೋ? ರೈಲು ಬರುವುದು ಬರೀ ವೇಳಾಪಟ್ಟಿಯಲ್ಲಿದ್ದರೆ ಪ್ಲಾಟ್‌ಫಾರಂ ನಂಬರನ್ನು ಒಂದು ಸಲ ಹೇಳಬೇಕು. ಹಿಂದಿನ ಸ್ಟೇಷನ್ ಬಿಟ್ಟಿತು ಎಂದು ಗಂಟೆ ಬಂದ ಮೇಲೆ ಎರಡು ಸಲ. ಮೇಲಿನ ಸಾಹೇಬರಿಗೆ ಈ ಭೇದ ಯಾವತ್ತೂ ತಿಳಿಯಲಿಲ್ಲ, ರೈಲ್ವೆ ಗಲ್ಲಿಯ ಮಕ್ಕಳುಮರಿಗೆಲ್ಲ ತಿಳಿದಿತ್ತು. ಒಂದು ಸಲ ಕೇಳಿಸಿದರೆ ಕೂತವರು ಕೂತೇ ಇರುತ್ತಿದ್ದರು. ಎರಡು ಸಲ ಕೇಳಿಸಿದರೆ ತುಂಬಿದ ಬಸುರಿಯೂ ಗಂಟು ಎತ್ತುತ್ತಿದ್ದಳು. ತಾತ ಹೋದರು, ಮೈಕು ನಿನ್ನ ಕೈಗೆ ಬಂತು, ಪದ್ಧತಿ ತಪ್ಪಲಿಲ್ಲ. ಅಟ್ಟದ ಏಣಿಯ ಮೇಲೆ ಕೂತು ಲೋಟವನ್ನೇ ಮೈಕು ಮಾಡಿಕೊಂಡು ರೈಲು ಕರೆಯುತ್ತಿದ್ದವಳು ನೀನು, ತಪ್ಪುವುದಾದರೂ ಹೇಗೆ? ಈಗ ಸ್ಟೇಷನ್ನಿನ ನಾಲ್ಕೂ ಪ್ಲಾಟ್‌ಫಾರಂ ಖಾಲಿಯಂತೆ. ನಾಯಿಗಳು ಫಸ್ಟ್ ಕ್ಲಾಸಿನ ಬೆಂಚು ಹಿಡಿದು ಮಲಗಿವೆ ಎಂದು ಹಾಲಿನವನು ಹೇಳಿದ.

ಹಿಂದಿನ ಕೋಣೆಗೆ ಬಾಡಿಗೆಗೆ ಬಂದವಳು ನಿನ್ನನ್ನು ಕೇಳಿದಳು. ನೀನು ಅವಳನ್ನು ನೋಡಿದ್ದು ಒಂದೇ ಸಲ. ಎರಡು ದೇಶ ದಾಟಿ ಬಂದು ನಮ್ಮ ಆಸ್ಪತ್ರೆಯಲ್ಲಿ ಚಾದರ ಒಗೆಯುವವಳು. ಕೈಯೆಲ್ಲ ಸೋಪಿಗೆ ಸುಲಿದುಹೋಗಿದೆ. ಸಂಜೆ ಅವಳು ಕೆಲಸ ಮುಗಿಸಿ ಬಂದರೆ ಗಲ್ಲಿಯವರೆಲ್ಲ ಕಿಟಕಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಅವಳಿಗೋ ನಾಚಿಕೆ, ತಲೆ ತಗ್ಗಿಸಿ ಕಳ್ಳಿಯ ಹಾಗೆ ಒಳಗೆ ನುಗ್ಗುತ್ತಾಳೆ. ಒಂದು ಸಲ, ಎರಡು ಸಲದ ಕತೆ ಅವಳಿಗೂ ಹೇಳಿದೆ. ಬೇಕರಿ ಕೆಲಸದ ಗಂಡಹೆಂಡತಿ ಇದ್ದಾರಲ್ಲ, ಅವಳ ದೇಶದವರೇ, ಅವರಿಗೆ ಅವಳು ಹೇಳಿದಳಂತೆ. ನಕ್ಕರಂತೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಜ್ಜಿ

*

ಏಪ್ರಿಲ್ ೨೦

ತುತ್ತೂರೀ,

ನಾಲ್ಕು ಸಾಲು ಬರೆದರೆ ಕೈ ಸವೆಯುತ್ತದೆಯೇ? ದನಿ ದಿನಾ ಬರುತ್ತದೆ, ನಿನ್ನ ಸುದ್ದಿ ಬರುವುದಿಲ್ಲ. ನಿನ್ನೆ ನೀನು ಹೇಳಿದ ಪ್ರಕಾರ ಚುನಾವಣೆ ರೋಗ ಹೋಗುವ ತನಕ ಇಲ್ಲ. ರೋಗ ಹೋಯಿತು ಎಂದು ಹೇಳಬೇಕಾದವರೂ ಅವರೇ ಅಂತೆ. ಒಳ್ಳೆ ಏರ್ಪಾಡು. ನಾನೂ ನಿನ್ನ ತಾತನನ್ನು ಕಟ್ಟಿಕೊಳ್ಳುವಾಗ ಹೀಗೊಂದು ಕರಾರು ಮಾಡಿಕೊಳ್ಳಬೇಕಿತ್ತು.

ಹಿಂದಿನ ಕೋಣೆಯವಳ ಗಂಡ ಲಾರಿ ಓಡಿಸುತ್ತಾನೆ. ಮೂರನೇ ದೇಶದ ಗಡಿಯಲ್ಲಿ ಸಿಕ್ಕಿಬಿದ್ದಿದ್ದಾನೆ. ಲಾರಿ ತುಂಬಾ ಶಾಲೆಯ ಬೆಂಚು, ಶಾಲೆಗಳೆಲ್ಲ ಬೀಗ. ಅವುಗಳ ಮೇಲೇ ಮಲಗುತ್ತಾನಂತೆ. ಅವನು ಫೋನು ಮಾಡಿದರೆ ಅವಳು ಸ್ಪೀಕರಿಗೆ ಹಾಕುತ್ತಾಳೆ, ಅರ್ಥವಾಗದ್ದನ್ನು ನನಗೆ ಕೈಸನ್ನೆಯಲ್ಲಿ ಹೇಳುತ್ತಾಳೆ. ಒಂದು ದೇಶ ಗೇಟು ಹಾಕಿತಂತೆ, ಅದನ್ನು ನೋಡಿ ಪಕ್ಕದ್ದೂ ಹಾಕಿತು, ಅದರ ಪಕ್ಕದ್ದೂ ಹಾಕಿತು. ನಲ್ಲಿಕಟ್ಟೆಯಲ್ಲಿ ಒಬ್ಬಳು ಮುಖ ತಿರುಗಿಸಿದರೆ ಸಾಲಿನವರೆಲ್ಲ ತಿರುಗಿಸುತ್ತಾರಲ್ಲ, ಹಾಗೆ. ಒಂದು ಕಡೆ ಅಂಗಡಿಗಳಿಗೆ ಸೈನ್ಯ ಕಾವಲು. ಇನ್ನೊಂದು ಕಡೆ ಆಚೆಯ ದೇಶದ ನೋಟು ಮುಟ್ಟುವುದೇ ಇಲ್ಲ, ರೋಗ ಅಂಟುತ್ತದಂತೆ.

ಅವನು ಕಂಡದ್ದು ಇನ್ನೊಂದಿದೆ. ಎರಡು ದೇಶದ ಗೇಟುಗಳ ನಡುವೆ ಒಂದು ಬಯಲು. "ನಿಮ್ಮ ಊರಿಗೆ ಕಳಿಸುತ್ತೇವೆ" ಎಂದು ಹೊರಗಿನ ಕೆಲಸಗಾರರನ್ನು ತಂದು ಅಲ್ಲಿ ಇಳಿಸುತ್ತಾರೆ. ಹಿಂದಿನ ಗೇಟು ಮುಚ್ಚುತ್ತದೆ, ಮುಂದಿನದು ತೆರೆಯುವುದಿಲ್ಲ. ನೆರಳಿಲ್ಲ, ನಲ್ಲಿಯಿಲ್ಲ. ಇವನು ತಂತಿಬೇಲಿಯ ಸಂದಿಯಿಂದ ನೀರಿನ ಬಾಟಲಿ ತೂರಿಸಿದನಂತೆ. ಅದನ್ನು ಹೇಳುವಾಗ ಗಂಡಸು ಅತ್ತ. ಕೈಸನ್ನೆಯ ಅಗತ್ಯ ಬೀಳಲಿಲ್ಲ.

ನಮ್ಮೂರಿನ ಗಡಿ ಸೇತುವೆಗೂ ಗೇಟು ಬಂತು. ಹಳೇ ಗೇಟು ಕಿತ್ತ ವರ್ಷ ತಾತ ಅದರ ಕೆಂಪುಬಿಳಿ ಅಡ್ಡಗಂಬವನ್ನು ಹೆಗಲ ಮೇಲೆ ಹೊತ್ತು ತಂದು ಬಟ್ಟೆ ಒಣಹಾಕಲು ಕಟ್ಟಿದ್ದರಲ್ಲ, ಅದನ್ನು ಕೇಳಿಕೊಂಡು ಇಬ್ಬರು ಬಂದಿದ್ದರು.

"ಅಜ್ಜೀ, ಇದು ಸರ್ಕಾರದ ಸ್ವತ್ತು," ಎಂದ ದಪ್ಪನವನು.

"ತಗೊಂಡು ಹೋಗಪ್ಪ. ಮೇಲಿರೋ ಒದ್ದೆ ಬಟ್ಟೆ ಮಾತ್ರ ನೀನೇ ತೆಗಿ. ಆಸ್ಪತ್ರೆಯವಳವು."

ಕೈಗೆ ಕಾದ ಕಾವಲಿ ತಗುಲಿದ ಹಾಗೆ ಹಿಂದಕ್ಕೆ ಜಿಗಿದ. ಕೊನೆಗೆ ನಾನೇ ಬಟ್ಟೆ ತೆಗೆದುಕೊಟ್ಟೆ. ಈಗ ಅದೇ ಕಂಬ ಸೇತುವೆಯ ಮೇಲೆ ಅಡ್ಡ ಮಲಗಿದೆ. ನನ್ನ ಲಂಗಗಳನ್ನು ಹೊತ್ತ ಕಂಬ ಈಗ ದೇಶ ಕಾಯುತ್ತಿದೆ.

ನಗಬೇಡ. ಚಪ್ಪಾಳೆ ನಿಂತಿದೆ. ಬಿಸ್ಕತ್ತಿನ ಫ್ಯಾಕ್ಟರಿ ಮುಚ್ಚಿತು, ಅದರ ಫೋರ್‌ಮನ್ ಮೂಲೆಮನೆಯ ಜಗುಲಿಯಲ್ಲಿ ಕೂತು ಎಣಿಸುತ್ತಾನೆ, ಯಾವ ಮನೆಯಲ್ಲಿ ಎಷ್ಟು ಜನ ಹೊರಗಿನವರು ಎಂದು. ಮೊನ್ನೆ ತರಕಾರಿ ಸಾಲಿನಲ್ಲಿ ನಮ್ಮವಳಿಗೆ "ನಿನ್ನ ದೇಶದಲ್ಲಿ ಆಲೂಗಡ್ಡೆ ಬೆಳೆಯಲ್ವಾ?" ಎಂದನಂತೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಯಾರು ಒಗೆದ ಚಾದರದ ಮೇಲೆ ಮಲಗಿದ್ದಳೋ ಕೇಳಬೇಕಿತ್ತು.

ಬರೆ. ಬೈದಾದರೂ ಬರೆ.

ನಿನ್ನ ಅಜ್ಜಿ

*

ಮೇ ೬

ಅಜ್ಜೀ,

ನಿನ್ನ ಎರಡೂ ಕಾಗದ ಸಿಕ್ಕವು. ನನಗಿಂತ ಮೊದಲು ನಮ್ಮ ವಿಭಾಗದ ಸಾಹೇಬರು ಓದಿದರು. ಈಗ ಎಲ್ಲರ ಕಾಗದಗಳನ್ನೂ ಓದುತ್ತಾರೆ, ಆರೋಗ್ಯದ ದೃಷ್ಟಿಯಿಂದ. ಸಾಹೇಬರು ತುಂಬ ನಕ್ಕರು. "ನಿಮ್ಮಜ್ಜಿ ಬಹಳ ಜಾಣೆ" ಎಂದರು. ಒಂದು ಸಲ, ಎರಡು ಸಲದ ವಿಷಯ ಅವರಿಗೆ ಬಹಳ ಹಿಡಿಸಿತು. ಗಡಿ ಊರುಗಳಲ್ಲಿ ಜನ ಪ್ರಕಟಣೆಯನ್ನು ಯಾಕೆ ನಂಬುತ್ತಿಲ್ಲ ಎಂದು ಅವರಿಗೆ ಚಿಂತೆಯಾಗಿತ್ತಂತೆ. ತಾತನ ಬಗ್ಗೆ ಎರಡು ಮೂರು ಸಲ ಕೇಳಿ ಬರೆದುಕೊಂಡರು.

ನಾನು ಚೆನ್ನಾಗಿದ್ದೇನೆ. ಕೆಲಸ, ಊಟ, ನಿದ್ದೆ ಎಲ್ಲ ಒಂದೇ ಕಟ್ಟಡದಲ್ಲಿ. ಕಿಟಕಿಯ ಗಾಜಿಗೆ ಬಣ್ಣ ಬಳಿದಿರುವುದರಿಂದ ಬಿಸಿಲು ಬೀಳುವುದಿಲ್ಲ, ತಂಪಾಗಿದೆ. ಫೋನು ಮಾಡುವ ಹಾಗಿಲ್ಲ.

ಅಜ್ಜೀ, ಹವಾಮಾನದ ಬಗ್ಗೆ ಬರೆ. ಸೆಕೆ ಶುರುವಾಯಿತೇ? ನಿನ್ನ ಮೊಣಕಾಲಿನ ಬಗ್ಗೆ ಬರೆ.

ನಿನ್ನ ಮೊಮ್ಮಗಳು

*

ಮೇ ೧೫

ಮೊಮ್ಮಗಳಿಗೆ,

ಇಲ್ಲಿ ಸೆಕೆ. ಮೊಣಕಾಲು ನೋಯುತ್ತದೆ. ಎಡದ್ದು.

ಹವಾಮಾನ ಮುಗಿಯಿತು. ಇನ್ನು ನಿಮಗೆ, ಸಾಹೇಬರೇ. ನಾಲ್ಕನೇ ಕ್ಲಾಸು ಓದಿದವಳ ಅಕ್ಷರ, ಕಣ್ಣಿಗೆ ಕಷ್ಟ ಕೊಟ್ಟಿದ್ದರೆ ಕ್ಷಮಿಸಿ. ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಬೇಡಿ, ಇಲ್ಲಿ ಎಲ್ಲರಿಗೂ ಕೆಮ್ಮು. ನಿಮ್ಮ ಆರೋಗ್ಯದ ದೃಷ್ಟಿಯಿಂದ ಹೇಳಿದೆ.

ಒಂದು ಸಲ, ಎರಡು ಸಲ ಎಂದು ನಾನು ಬರೆದದ್ದು ಮುದುಕಿಯ ಹರಟೆ. ನಮ್ಮ ಯಜಮಾನರಿಗೆ ಮರೆವು ಜಾಸ್ತಿ ಇತ್ತು. ಒಂದೊಂದು ದಿನ ನಾಲ್ಕು ಸಲವೂ ಹೇಳುತ್ತಿದ್ದರು, ಇನ್ನೊಂದು ದಿನ ನಂಬರೇ ಮರೆತು "ಎಲ್ಲಾದರೂ ನಿಲ್ಲುತ್ತದೆ, ನೋಡಿಕೊಳ್ಳಿ" ಎನ್ನುತ್ತಿದ್ದರು. ಜನ ಅವರನ್ನು ನಂಬಿ ಎಷ್ಟೋ ರೈಲು ತಪ್ಪಿಸಿಕೊಂಡಿದ್ದಾರೆ. ಅದನ್ನು ಹಿಡಿದುಕೊಂಡು ಸರ್ಕಾರ ನಡೆಸಲಾಗುವುದಿಲ್ಲ. ಬರೆದುಕೊಂಡ ಹಾಳೆ ಹರಿದುಹಾಕಿ.

ಪುಟ್ಟೀ, ನಿನ್ನ ಕಾಗದ ಬಂದಾಗಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಸೆಕೆಗೆ. ಹಿಂದಿನ ಕೋಣೆಯವಳನ್ನು ಕೆಲಸದಿಂದ ತೆಗೆದರು, ಹೊರಗಿನವರು ಬೇಡವಂತೆ. ಚಾದರಗಳನ್ನು ಈಗ ಯಾರು ಒಗೆಯುತ್ತಾರೋ ತಿಳಿಯದು. ಅವಳು ಒಂದು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟುಕೊಂಡಿದ್ದಾಳೆ. ದಿನಾ ಕೇಳುತ್ತಾಳೆ, "ಅಜ್ಜೀ, ರೈಲು ಯಾವಾಗ?" ಗಂಡನ ಹತ್ತಿರ ಹೋಗಬೇಕು ಎಂಬುದೊಂದೇ ಧ್ಯಾನ. ನಿನ್ನ ವ್ಯಾನು ಬಂದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಬಿಟ್ಟು ಕಿಟಕಿಗೆ ಓಡುತ್ತಾಳೆ.

ಎಡದ ಮೊಣಕಾಲು. ಬಲದ್ದು ಪರವಾಗಿಲ್ಲ.

ನಿನ್ನ ಅಜ್ಜಿ

*

ಜೂನ್ ೨

ಅಜ್ಜೀ,

ಸಂತೋಷದ ಸುದ್ದಿ. ಹೊರದೇಶದವರನ್ನು ಅವರವರ ಊರಿಗೆ ಮುಟ್ಟಿಸಲು ವಿಶೇಷ ರೈಲು ಬಿಡುತ್ತಾರೆ. ಬರುವ ವಾರ ನಮ್ಮ ಗಲ್ಲಿಯಲ್ಲಿ ನನ್ನ ಪ್ರಕಟಣೆ ಕೇಳುತ್ತದೆ. ಹಾಳೆಯನ್ನು ಸಾಹೇಬರೇ ಬರೆದುಕೊಟ್ಟಿದ್ದಾರೆ. ನಮ್ಮವರಿಗೆ ನಂಬಿಕೆ ಬರುವಂತೆ ಪ್ಲಾಟ್‌ಫಾರಂ ನಂಬರು ಎರಡು ಸಲ ಬರಲೇಬೇಕು ಎಂದಿದ್ದಾರೆ. ಹೇಳುವಾಗ ಪಕ್ಕದಲ್ಲೇ ನಿಂತಿರುತ್ತಾರೆ.

ಯಾವ ನಂಬರು ಎಂದು ಕೇಳಿದೆ. "ನಿಮ್ಮೂರಿನ ಸ್ಟೇಷನ್ ನಿನಗೇ ಗೊತ್ತಲ್ಲ, ಏನೋ ಒಂದು ಹಾಕು. ಜನ ಸ್ಟೇಷನ್ನಿಗೆ ಬಂದರೆ ಸಾಕು" ಎಂದರು.

ಬೆಕ್ಕು ಈಗಲೂ ಅಟ್ಟದ ಮೇಲೇ ಮಲಗುತ್ತದೆಯೇ? ಏಣಿಯ ಒಂದು ಮೆಟ್ಟಿಲು ಮುರಿದಿತ್ತು. ರಿಪೇರಿ ಮಾಡಿಸು ಅಜ್ಜೀ. ಬೇಗ ಮಾಡಿಸು, ಬಿದ್ದೀತು.

ನಿನ್ನ ಮೊಮ್ಮಗಳು

*

ಜೂನ್ ೧೧

ಮೊಮ್ಮಗಳಿಗೆ,

ಪ್ರಕಟಣೆ ಕೇಳಿದೆ. ಬಹಳ ಸ್ಪಷ್ಟವಾಗಿತ್ತು. ತಾತ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಹಿಂದಿನ ಕೋಣೆ ಖಾಲಿ. ಗುಡಿಸಿ ಬೀಗ ಹಾಕಿದ್ದೇನೆ. ಮೂಲೆಮನೆಯ ಫೋರ್‌ಮನ್ ಬಂದು ಕಣ್ಣಾರೆ ನೋಡಿಕೊಂಡು ಹೋದ.

ಏಣಿ ರಿಪೇರಿಯಾಯಿತು. ಬೆಕ್ಕು ಚೆನ್ನಾಗಿದೆ. ಸೆಕೆ ಇದೆ.

ನಾಳೆ ಬೆಳಿಗ್ಗೆಯೂ ಕಿಟಕಿಯಲ್ಲಿ ಕಾಯುತ್ತಿರುತ್ತೇನೆ.

ನಿನ್ನ ಅಜ್ಜಿ

*

ಅಕ್ಟೋಬರ್ ೧೮

ನನ್ನ ತುತ್ತೂರಿಗೆ,

ಇದು ಅಂಚೆಯ ಕಾಗದವಲ್ಲ. ಕೈಯಿಂದ ಕೈಗೆ ಬರುವಂಥದ್ದು. ಆದ್ದರಿಂದ ಸೆಕೆ, ಮೊಣಕಾಲು ಯಾವುದೂ ಇಲ್ಲ.

ಜೂನ್ ತಿಂಗಳ ಆ ಕಾಗದ "ಈ ವಿಳಾಸದಲ್ಲಿ ಇಲ್ಲ" ಎಂಬ ಮುದ್ರೆ ಹೊತ್ತು ಹಿಂದಕ್ಕೆ ಬಂತು. ಪ್ರಕಟಣೆಯ ಮಾರನೆಯ ದಿನದಿಂದ ವ್ಯಾನಿನಲ್ಲಿ ಯಾರೋ ಗಂಡಸು, ಮೂಗಿನಲ್ಲಿ ಮಾತಾಡುವವನು. ಅವನು ಏನು ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿನ್ನ ದನಿ ಅಲ್ಲ ಎಂಬುದೊಂದೇ ಕಿವಿಗೆ ಬಿತ್ತು.

ಆ ದಿನ ಏನಾಯಿತು ಎಂದು ನಿನಗೆ ಹೇಳಬೇಕು. ನಿನಗೆ ತಿಳಿದೇ ಇಲ್ಲ.

ವ್ಯಾನು ಬಂತು. "ಹೊರದೇಶದವರ ಗಮನಕ್ಕೆ. ನಿಮ್ಮ ಊರಿಗೆ ಹೋಗುವ ವಿಶೇಷ ರೈಲು ಹೊರಡಲು ಸಿದ್ಧವಾಗಿದೆ." ಕೇಳುತ್ತಿದ್ದ ಹಾಗೇ ಹಿಂದಿನ ಕೋಣೆಯವಳ ಗಂಟು ಹೆಗಲೇರಿತು. ನಾನು ಬಾಗಿಲಿಗೆ ಅಡ್ಡ ನಿಂತೆ. ಎರಡು ಸಲ ಹೇಳಿಸುತ್ತಾರೆ ಎಂದು ಗೊತ್ತಿತ್ತು, ನಂಬಬೇಡ ಎಂದು ಅವಳಿಗೆ ವಾರದಿಂದ ಹೇಳಿದ್ದೆ. ಗಂಡನ ಮುಖ ನೋಡಬೇಕು ಎನ್ನುವವಳಿಗೆ ನನ್ನ ಮಾತು ಕಿವಿಯೊಳಗೆ ಇಳಿಯುತ್ತದೆಯೇ? ನಿನ್ನ ದನಿ ಮುಂದುವರಿಯಿತು.

"ಪ್ಲಾಟ್‌ಫಾರಂ ಐದು. ಪ್ಲಾಟ್‌ಫಾರಂ ಐದು."

ಎದುರಿನ ಕಿಟಕಿಯಿಂದ ಕಟಿಂಗ್ ಅಂಗಡಿಯವನು ಕುಣಿದ. "ಎರಡು ಸಲ ಬಂತು ಅಜ್ಜೀ! ಗ್ಯಾರಂಟಿ ರೈಲು!"

ಕೇಳು, ನೀನು ಮರೆತಿಲ್ಲವೆಂದು ಗೊತ್ತು, ಆದರೂ ಬರೆಯುತ್ತೇನೆ, ಇಷ್ಟು ದಿನ ಬರೆಯದೆ ನುಂಗಿಕೊಂಡಿದ್ದೇನೆ. ನಿನ್ನ ಆಟದಲ್ಲಿ ಅಡುಗೆಮನೆ ಒಂದನೇ ಪ್ಲಾಟ್‌ಫಾರಂ. ಹೊಸ್ತಿಲು ಎರಡು. ತಾತನ ಮಂಚ ಮೂರು, ಬಚ್ಚಲು ನಾಲ್ಕು. ಊರಿನ ಸ್ಟೇಷನ್ನಿಗೆ ಅಷ್ಟೇ ಇದ್ದದ್ದು. ನೀನು ಹಾಲಿನ ಕೆನೆ ಕದ್ದು ನಾನು ಸೌಟು ಹಿಡಿದು ಅಟ್ಟಿಸಿಕೊಂಡು ಬಂದಾಗ ಮಾತ್ರ ಐದನೆಯದು ಬರುತ್ತಿತ್ತು. ಅಟ್ಟ. ಏಣಿ ಹತ್ತಿ, ಏಣಿಯನ್ನೇ ಮೇಲಕ್ಕೆ ಎಳೆದುಕೊಂಡು, ಲೋಟದೊಳಗಿಂದ ಕೂಗುತ್ತಿದ್ದೆ, "ಪ್ಲಾಟ್‌ಫಾರಂ ಐದು, ಇಲ್ಲಿರುವವರನ್ನು ಯಾರೂ ಮುಟ್ಟುವ ಹಾಗಿಲ್ಲ!"

ಸಾಹೇಬ ಪಕ್ಕದಲ್ಲಿ ನಿಂತಿರುವಾಗ, ಅವನು ಹೇಳಿದ ಹಾಗೆ ಎರಡು ಸಲ ಹೇಳುತ್ತಲೇ, ಅದನ್ನು ಹೇಳಿದೆಯಲ್ಲೇ.

ಅವಳ ಗಂಟು ಹಿಡಿದು ಎಳೆದೆ. ಅವಳು ಬಿಡಲಿಲ್ಲ. "ರೈಲು ನಿಜ ಅಜ್ಜೀ! ಎರಡು ಸಲ! ನೀವೇ ಹೇಳಿದ್ದು!"

"ನಮ್ಮೂರಲ್ಲಿ ಐದನೇದು ಎಲ್ಲಿದೆಯೇ, ಮಂಕೇ? ನೀನು ಬಂದಿಳಿದ ಸ್ಟೇಷನ್ ಅಲ್ವಾ? ಎಣಿಸು!"

ಅವಳು ಬೆರಳು ಮಡಿಸಿದಳು. ನಾಲ್ಕು ಮಡಿಸಿ ಹೆಬ್ಬೆರಳನ್ನು ನೋಡುತ್ತಾ ನಿಂತಳು. ಆಮೇಲೆ ಗಂಟು ತಾನಾಗಿ ಕೆಳಗೆ ಬಿತ್ತು.

ನಾನು ಬೀದಿಗೆ ಇಳಿದೆ. ಹೌದು, ನೀನು ಬೇಡವೆಂದು ದಿನಾ ಹೇಳುತ್ತಿದ್ದ ಬೀದಿಗೇ. ಹೊರದೇಶದಿಂದ ಬಂದ ಗಾರೆ ಕೆಲಸದ ಅಣ್ಣತಮ್ಮಂದಿರು ಚೀಲ ಹೊತ್ತು ಹೊರಟಿದ್ದರು. "ಐದನೇ ಪ್ಲಾಟ್‌ಫಾರಂ ಇಲ್ಲ ಕಣ್ರೋ! ನಾಲ್ಕೇ ಇರೋದು! ಎಣಿಸಿ ನೋಡ್ರೋ!" ಎಂದು ಕೂಗಿದೆ. ನಿನ್ನ ಗಂಟಲು ಎಲ್ಲಿಂದ ಬಂತು ಎಂದು ಗಲ್ಲಿಗೆ ಆವತ್ತು ಗೊತ್ತಾಯಿತು. ಕಟಿಂಗ್ ಅಂಗಡಿಯವನು ಕುಣಿಯುತ್ತಿದ್ದವನು ನಿಂತ. ಬಾಯಲ್ಲೇ ಎಣಿಸಿದ. ಬಾಗಿಲು ತೆರೆದು ಅಣ್ಣತಮ್ಮಂದಿರನ್ನು ಕತ್ತಿನ ಪಟ್ಟಿ ಹಿಡಿದು ಒಳಗೆಳೆದುಕೊಂಡ.

ವ್ಯಾನು ತಿರುಗಿ ಬಂತು. ಪೊಲೀಸಿನವನು ತಲೆ ಹೊರಗೆ ಹಾಕಿದ. "ಏನಜ್ಜೀ ಗಲಾಟೆ?"

"ಬೆಕ್ಕು ತಪ್ಪಿಸಿಕೊಂಡಿದೆ ಸ್ವಾಮೀ. ಐದು ಮರಿ ಹಾಕಿದೆ, ನಾಲ್ಕೇ ಸಿಕ್ಕಿದ್ದು."

"ಒಳಗೆ ಹೋಗು. ವಯಸ್ಸಾಯ್ತು ಅಂತ ಬಿಟ್ಟಿದ್ದೀನಿ."

ಬೇಕರಿಯ ಗಂಡಹೆಂಡತಿ ಅಷ್ಟರಲ್ಲಿ ತಿರುವು ದಾಟಿದ್ದರು. ನನ್ನ ಕೂಗು ಅವರಿಗೆ ಮುಟ್ಟಲಿಲ್ಲ. ಎರಡು ಸಲ ಎಂದರೆ ಖಚಿತ ಎಂದು ಅವರಿಗೆ ತಿಳಿದಿತ್ತು, ತಿಳಿದದ್ದು ನಮ್ಮ ಮನೆಯಿಂದಲೇ. ಅವರನ್ನು ಗೂಡ್ಸ್ ಡಬ್ಬಿಯಲ್ಲಿ ಒಯ್ದು ಎರಡು ಗೇಟುಗಳ ನಡುವಿನ ಆ ಬಯಲಲ್ಲಿ ಇಳಿಸಿದರು. ಗಂಡ ಅಲ್ಲೇ ಜ್ವರ ಬಂದು ತೀರಿಕೊಂಡ. ಹೆಂಡತಿ ಈಚೆಗೆ ಹಿಂದಿರುಗಿದ್ದಾಳೆ. ಬೇಕರಿಯ ಒಲೆಯ ಮುಂದೆ ಕೂರುತ್ತಾಳೆ. ನಾನು ಬ್ರೆಡ್ ತರಲು ಹೋದರೆ ಕೊಡುತ್ತಾಳೆ, ಮುಖ ನೋಡುವುದಿಲ್ಲ. ದಿನಾ ಹೋಗುತ್ತೇನೆ. ಮನೆಯಲ್ಲಿ ಬ್ರೆಡ್ ಒಣಗಿ ಕಲ್ಲಾಗಿದೆ.

ನಮ್ಮವಳು ಅಟ್ಟದಲ್ಲಿ ನಾಲ್ಕು ತಿಂಗಳು ಕಳೆದಳು, ಬೆಕ್ಕಿನ ಜೊತೆ. ಯಾರಾದರೂ ಬಾಗಿಲು ಬಡಿದರೆ ಏಣಿ ಸದ್ದಿಲ್ಲದೆ ಮೇಲಕ್ಕೆ ಹೋಗುತ್ತಿತ್ತು. ನೀನೇ ಎಳೆದುಕೊಂಡ ಹಾಗಿರುತ್ತಿತ್ತು.

ಗೇಟುಗಳು ಹೋದ ತಿಂಗಳು ತೆರೆದವು. ಕರುಣೆಯಿಂದಲ್ಲ. ತೋಟಗಳಲ್ಲಿ ಹಣ್ಣು ಕೊಳೆಯಿತು, ಆಸ್ಪತ್ರೆಯಲ್ಲಿ ಚಾದರ ನಾರಿತು, ಆಗ ಎಲ್ಲ ದೇಶದವರಿಗೂ ಹೊರಗಿನವರು ನೆನಪಾದರು. ಫೋರ್‌ಮನ್ ಈಗ "ಪಾಪ, ಒಳ್ಳೆ ಹೆಂಗಸಾಗಿದ್ದಳು, ಎಲ್ಲಿ ಹೋದಳೋ" ಎನ್ನುತ್ತಾನೆ. ಚುನಾವಣೆ ಮಾತ್ರ ಯಾರಿಗೂ ನೆನಪಾಗಿಲ್ಲ.

ಲಾರಿಯವನು ನಿನ್ನೆ ಬಂದ. ಅವಳು ಏಣಿ ಇಳಿಯುವುದನ್ನು ನೋಡುತ್ತಾ ನಿಂತ, ಹತ್ತಿರ ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ಅವಳೇ ಹೋಗಿ ಅವನ ಗಡ್ಡ ಹಿಡಿದು ಜಗ್ಗಿದಳು. ಶಾಲೆಯ ಬೆಂಚುಗಳು ಇನ್ನೂ ಲಾರಿಯಲ್ಲೇ ಇವೆ. ಕೊನೆಗೆ ಕೊಂಡವರು ಯಾರು ಗೊತ್ತೇ? ರಾಜಧಾನಿಯಲ್ಲಿ ಹಿಡಿದುತಂದವರ ವಿಚಾರಣೆ ನಡೆಸುವ ಕಟ್ಟಡದವರು. ಅಲ್ಲಿ ಕೂರಿಸಿ ಕಾಯಿಸುವ ಜನ ಜಾಸ್ತಿಯಾಗಿ ಬೆಂಚು ಸಾಲುತ್ತಿಲ್ಲವಂತೆ.

ನೀನು ಅಲ್ಲಿದ್ದೀಯ ಎಂದು ಆ ಕಟ್ಟಡದ ಕಸ ಗುಡಿಸುವ ಹೆಂಗಸೊಬ್ಬಳು ಕಟಿಂಗ್ ಅಂಗಡಿಗೆ ಫೋನು ಮಾಡಿ ಹೇಳಿದಳು. ಸಾಹೇಬನಿಗೆ ನಮ್ಮೂರಿನಿಂದ ಯಾರೋ ಪ್ಲಾಟ್‌ಫಾರಂ ಎಣಿಸಿ ಹೇಳಿದರಂತೆ. ನೀನು "ಬಾಯಿ ತಪ್ಪಿತು" ಎಂದಷ್ಟೇ ಹೇಳುತ್ತೀಯಂತೆ, ಕೇಳಿದಾಗಲೆಲ್ಲ ಅದೊಂದೇ ಮಾತು. ದನಿ ಕಟ್ಟಿಹೋಗಿದೆಯಂತೆ. ಬೆಂಚು ಇಳಿಸುವಾಗ ಲಾರಿಯವನು ಈ ಕಾಗದವನ್ನು ಆ ಹೆಂಗಸಿನ ಕೈಗೆ ಕೊಡುತ್ತಾನೆ. ಅವಳು ನಿನಗೆ. ಓದಿ ನುಂಗಿಬಿಡು, ನನ್ನ ಅಡುಗೆಗಿಂತ ಕೆಟ್ಟದಾಗಿರುವುದಿಲ್ಲ.

ಬಿಸಿನೀರು ಸಿಕ್ಕರೆ ಕುಡಿ. ಗಂಟಲಿಗೆ ಬಟ್ಟೆ ಸುತ್ತಿಕೋ.

ಅಟ್ಟ ಗುಡಿಸಿದ್ದೇನೆ. ನಿನ್ನ ಲೋಟ ಅಲ್ಲೇ ಇದೆ, ನಾನು ಎಸೆದಿಲ್ಲ. ಏಣಿಯನ್ನು ಇಳಿಸಿಯೇ ಇಟ್ಟಿದ್ದೇನೆ. ನೀನು ಹೊರಟ ಸುದ್ದಿಯ ಗಂಟೆ ಇನ್ನೂ ನನಗೆ ಬಂದಿಲ್ಲ. ತಾತನ ಪದ್ಧತಿಯನ್ನು ನಿನ್ನ ಮುಂದೆ ಮುರಿಯಲಾರೆ. ಅದಕ್ಕೆ ಒಂದೇ ಸಲ ಹೇಳುತ್ತೇನೆ, ಎರಡನೆಯ ಸಲ ನೀನೇ ಬಂದು ಹೇಳು.

ಪ್ಲಾಟ್‌ಫಾರಂ ಐದು.

ನಿನ್ನ ಅಜ್ಜಿ